ಕಿಂಡಿಯ ಆಚೆ ನಿಂತವಳು

ಸನಮಡಿಯ ಗಾಯರಾನದಲ್ಲಿ, ಊರ ದನ ಮೇಯುವ ಸರಕಾರಿ ಜಾಗದಲ್ಲಿ, ಹನ್ನೊಂದು ವರ್ಷದಿಂದ ಇದ್ದ ಬೀರವ್ವನ ಗುಡಿಸಲನ್ನೂ ಕುರಿಹಟ್ಟಿಯನ್ನೂ ಮಂಗಳವಾರ ಜೆಸಿಬಿ ತಂದು ಕೆಡವಿದರು. ಅಲ್ಲಿ ಯಾರೂ ವಾಸವಿರಲಿಲ್ಲ ಎಂದು ಪಂಚನಾಮೆಯಲ್ಲಿ ಬರೆದರು.

ಗುರುವಾರ ಬೆಳಿಗ್ಗೆ ಬಸಗೊಂಡ ಡಫಳಾಪುರದ ಫೋಟೋ ಸ್ಟುಡಿಯೋಗೆ ಬಂದ. ಆ ಜಾಗದಲ್ಲಿ ಸೋಲಾರ್ ಹಾಕುವ ಕಂಪನಿಯ ಮೇಲ್ವಿಚಾರಕ. ಹದಿನೈದು ದಿನದ ಹಿಂದೆ ಸ್ಟುಡಿಯೋದ ಸೃಷ್ಟಿಯನ್ನು ಜೀಪಿನಲ್ಲಿ ಕರೆದೊಯ್ದು, ಇಲ್ಲೇ ನಿಲ್ಲು ಎಂದು ತೋರಿಸಿ, ಖಾಲಿ ಜಾಗದ ಫೋಟೋ ತೆಗೆಸಿದ್ದವನು. ಬೀರವ್ವ ತಕರಾರು ಕೊಟ್ಟಿದ್ದಳು, ಅಂದೇ ಅದರ ವಿಚಾರಣೆ. ಈಗ ಅವನಿಗೆ ಆ ಫೋಟೋದ ಪ್ರಿಂಟು ಬೇಕಿತ್ತು, ಹಿಂದೆ ಸೃಷ್ಟಿಯ ಸಹಿಯೊಂದಿಗೆ.

"ಲಗೂನ ಕೊಡು ತಂಗಿ, ಹನ್ನೆರಡಕ್ಕ ಜತ್ತಿನ ಕಚೇರ್ಯಾಗ ಸುನಾವಣಿ ಐತಿ."

ಸೃಷ್ಟಿ ಕಂಪ್ಯೂಟರಿನಲ್ಲಿ ಚಿತ್ರ ತೆರೆದಳು. ಎಡ ಅಂಚಿನಲ್ಲಿ ಏನೋ ಇತ್ತು. ದೊಡ್ಡದು ಮಾಡಿದಳು. ಗುಡಿಸಲು. ಒಲೆಯ ಹೊಗೆ. ಅದಕ್ಕೂ ಆಚೆ, ಚಿತ್ರದ ಕಟ್ಟಕಡೆಗೆ, ಬೀರವ್ವ ಕೈಯೆತ್ತಿ ಇವಳನ್ನೇ ಕರೆಯುತ್ತ ನಿಂತಿದ್ದಳು.

ಫೋಟೋ ತೆಗೆದ ದಿನ ಸೃಷ್ಟಿಗೆ ಕ್ಯಾಮೆರಾದ ಕಿಂಡಿಯಲ್ಲಿ ಮೂಲೆಗೊಂದು ಕರಿ ಚುಕ್ಕೆ ಕಂಡಿತ್ತು, ಜಾಲಿಕಂಟಿ ಅಂದುಕೊಂಡಿದ್ದಳು. ಹೆಣ್ಣುಮಗಳಂತೂ ಕಂಡೇ ಇರಲಿಲ್ಲ. ಜೀಪಿನ ಸದ್ದಿನಲ್ಲಿ ಕೂಗೂ ಕೇಳಿರಲಿಲ್ಲ.

"ಅಪ್ಪಾ, ನಾ ಹೆಂಗ ನೋಡ್ಲಿಲ್ಲ?"

ಮೂವತ್ತು ವರ್ಷ ರೀಲಿನ ಕ್ಯಾಮೆರಾದಲ್ಲೇ ದುಡಿದ ಸೋಮನಿಂಗಪ್ಪ ಎದ್ದು, ಕಪಾಟಿನಿಂದ ಅದನ್ನು ತೆಗೆದು ಮಗಳ ಕೈಗಿಟ್ಟ. "ನಿನ್ನ ಡಿಜಿಟಲ್‌ದು ಸಣ್ಣ ಕಿಂಡಿ, ಕೊಳವ್ಯಾಗ ಹಣಿಕಿ ಹಾಕಿದಂಗ. ಇದರಾಗ ಎರಡೂ ಕಣ್ಣ ತೆರದು ನೋಡು."

ನೋಡಿದಳು. ಬರಿಗಣ್ಣಿನ ಬಸಗೊಂಡನೂ ಕಿಂಡಿಯ ಬಸಗೊಂಡನೂ ಒಂದೇ ಅಳತೆ; ಹಲ್ಲಿನ ತಂಬಾಕಿನ ಕಲೆಯೂ ಬಿಡದೆ ಕಂಡಿತು.

"ಹಂಗಾರ ಇದು ಸುಳ್ಳ ಹೇಳೂದಿಲ್ಲೇನಪಾ?"

"ಹೇಳ್ತೈತಿ. ಅಂಚಿಂದು ಒಂದೀಟು ಇದೂ ಮುಚ್ಚಿಡ್ತೈತಿ. ನಮ್ಮಂಥವರ ಕ್ಯಾಮೆರಾ ಎಲ್ಲಾ ಹಂಗ, ಕಿಂಡ್ಯಾಗ ಕಾಣೂದಕ್ಕಿಂತ ಹೆಚ್ಚಿಂದು ಫೋಟೋದಾಗ ಬೀಳ್ತೈತಿ. ಅದಕ್ಕ ನಾ ಗುಂಡಿ ಒತ್ತೂ ಮೊದಲ ತಲಿ ಎತ್ತಿ ಸುತ್ತ ನೋಡ್ತಿದ್ದೆ."

ಆ ಮಾತು ಅವಳಿಗೆ ನಾಟಿತು. ಅಂದು ಅವಳು ತಲೆ ಎತ್ತಿರಲಿಲ್ಲ.

ಬಸಗೊಂಡ ನಕ್ಕ. "ಸಾಲಿ ಮುಗೀತೇನ್ರಿ ಮಾಸ್ತರ? ತಂಗಿ, ಎಡಕ್ಕ ನಾಕು ಬೊಟ್ಟು ಕತ್ತರಸು. ನೀ ಹೇಳಿದ್ದು ಖರೆ ಐತಿ, ನಿನ್ನ ಕಿಂಡ್ಯಾಗ ಆಕಿ ಇರಲಿಲ್ಲ. ನೀ ಕಂಡಷ್ಟ ಕೊಡು. ಅದರಾಗ ಸುಳ್ಳೇನೈತಿ?"

ಸೃಷ್ಟಿ ತಡಮಾಡಿದಳು. ಅವನ ಮಾತಿನಲ್ಲಿ ಅವಳ ತಪ್ಪಿಗೊಂದು ಮರೆಯಿತ್ತು. ಕತ್ತರಿಸುವ ಒಂದು ಗೆರೆ ಎಳೆದರೆ ಸಾಕು, ಅವಳು ಏನನ್ನೂ ನೋಡದೆ ಬಿಟ್ಟಂತಾಗುತ್ತಿರಲಿಲ್ಲ. ಬೀರವ್ವ ಮಾತ್ರ ಎಂದೂ ಅಲ್ಲಿ ಇರಲಿಲ್ಲವೆಂದಾಗುತ್ತಿತ್ತು.

ಇಡೀ ಚಿತ್ರವನ್ನು ಪ್ರಿಂಟಿಗೆ ಹಾಕಿದಳು. ಹೊರಬಂದ ಹಾಳೆಯ ಹಿಂದೆ ತಾರೀಖು ಬರೆದು ಸಹಿ ಮಾಡಿದಳು.

"ಕತ್ತರಸು ಅಂದ್ನೆಲ್ಲಾ!" ಬಸಗೊಂಡ ಮೇಜು ಗುದ್ದಿದ. "ನಾಳೆಯಿಂದ ಕಂಪನಿ ಕೆಲಸ ಒಂದೂ ಬರಂಗಿಲ್ಲ ನೋಡು."

"ಬ್ಯಾಡ್ರಿ. ನನಗ ಆಕಿ ಕಂಡಿರಲಿಲ್ಲ, ಖರೆ. ಆದ್ರ ಆಕಿ ಇದ್ಲು." ಸೃಷ್ಟಿ ಹಾಳೆಯನ್ನು ಎದೆಗವಚಿಕೊಂಡಳು. "ಕತ್ತರಸೂದಿಲ್ರಿ. ಜತ್ತಿಗೆ ಇದನ್ನ ನಾನ ಒಯ್ತೀನಿ."