ಗುಂಡು ಬಿದ್ದ ಜಾಗ

ಸೋಮಲಿಂಗಪ್ಪನವರು ವಿಜಯಪುರದ ಪಿಯು ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಅಮೆರಿಕದ ಕ್ಯುಪರ್ಟಿನೋದಲ್ಲಿರುವ ಮಗಳ ಮನೆಗೆ ಬಂದು ಮೂರು ತಿಂಗಳಾದರೂ ಒಬ್ಬರಾದರೂ ಅವರನ್ನು ಒಂದು ಲೆಕ್ಕ ಕೇಳಿರಲಿಲ್ಲ. ಹೀಗಾಗಿ ಹೈಸ್ಕೂಲಿನ ಮೊಮ್ಮಗಳು ತನ್ವಿ ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕುಳಿತಾಗ ಹಿರಿಹಿರಿ ಹಿಗ್ಗಿದರು.

ಪ್ರಯೋಗ ಸರಳ. ಟೇಬಲ್ಲಿನ ಮೇಲೆ ತನ್ವಿಯೇ ಮಾಡಿದ ಇಳಿಜಾರು ಹಳಿ. ಅದರ ಮೇಲ್ತುದಿಯಿಂದ ಬಿಟ್ಟ ಉಕ್ಕಿನ ಗುಂಡು ಟೇಬಲ್ಲಿನ ಅಂಚಿನಿಂದ ಅಡ್ಡಕ್ಕೆ ಹಾರಿ ನೆಲಕ್ಕೆ ಬೀಳುತ್ತದೆ. ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ ಅಲ್ಲೊಂದು ಡಬ್ಬಿಯ ಮುಚ್ಚಳ ಇಡಬೇಕು. ಶುಕ್ರವಾರ ಕ್ಲಾಸಿನಲ್ಲಿ ಒಂದೇ ಅವಕಾಶ. ಗುಂಡು ಮುಚ್ಚಳದೊಳಗೆ ಬಿದ್ದರೆ ಪೂರ್ತಿ ಅಂಕ, ತಪ್ಪಿದರೆ ಸೊನ್ನೆ. ತನ್ವಿಯ ಗ್ರೇಡು ಎ ಮತ್ತು ಬಿ ನಡುವೆ ತೂಗಾಡುತ್ತಿತ್ತು.

ಅಜ್ಜನಿಗೆ ಪೆನ್ನೂ ಬೇಕಾಗಲಿಲ್ಲ. ಟೇಬಲ್ಲು ಎಂಬತ್ತು ಸೆಂಟಿಮೀಟರ್ ಎತ್ತರ, ಅಂದರೆ ಗುಂಡು ಬೀಳಲು ಅರ್ಧ ಸೆಕೆಂಡಿಗೂ ಕಡಿಮೆ, ಸೊನ್ನೆ ಪಾಯಿಂಟ್ ನಾಲ್ಕು. ಮುಂದಕ್ಕೆ ಎಷ್ಟೇ ಜೋರಾಗಿ ಹಾರಲಿ, ಬೀಳುವ ಸಮಯ ಅಷ್ಟೇ. ಹಳಿ ಇಪ್ಪತ್ತು ಸೆಂಟಿಮೀಟರ್ ಎತ್ತರ, ಅಂದರೆ ಅಂಚು ಬಿಡುವಾಗ ವೇಗ ಸೆಕೆಂಡಿಗೆ ಎರಡು ಮೀಟರ್. ಗುಣಿಸಿದರೆ ಎಂಬತ್ತು ಸೆಂಟಿಮೀಟರ್ ದೂರ. ಗ್ಯಾರೇಜಿನಲ್ಲಿ ಒಮ್ಮೆ ಬಿಟ್ಟು ನೋಡಲೇ ಎಂದು ತನ್ವಿ ಕೇಳಿದ್ದಕ್ಕೆ ನಕ್ಕುಬಿಟ್ಟರು.

"ಲೆಕ್ಕ ಸರಿ ಐತಿ ಅಂದ ಮ್ಯಾಲೆ ಮತ್ತೇನ್ ನೋಡೂದೈತಿ, ತಂಗಿ?"

ಶುಕ್ರವಾರ ಸಂಜೆ ಹುಡುಗಿ ಮುಖ ಸಪ್ಪೆ ಮಾಡಿಕೊಂಡು ಬಂದಳು. ಗುಂಡು ಮುಚ್ಚಳಕ್ಕಿಂತ ಅರ್ಧ ಗೇಣು ಹಿಂದೆಯೇ ಬಿತ್ತೆಂದು ಅಮ್ಮ ಉಮಾಶ್ರೀಗೆ ಹೇಳಿ, ಹಳಿಯನ್ನು ಗ್ಯಾರೇಜಿನಲ್ಲಿಟ್ಟು ಕೋಣೆ ಸೇರಿದಳು.

ಶಾಲೆಯ ಟೇಬಲ್ಲೇ ಸೊಟ್ಟ ಇರಬೇಕೆಂದು ಸೋಮಲಿಂಗಪ್ಪನವರು ಮೊದಲು ತೀರ್ಮಾನಿಸಿದರು. ಅದನ್ನು ಸಾಬೀತು ಮಾಡಲೆಂದೇ ಗ್ಯಾರೇಜಿಗೆ ಹೋಗಿ, ಅಲ್ಲಿನ ಟೇಬಲ್ಲಿನ ಕಾಲಿಗೆ ಹಲಗೆ ಕೊಟ್ಟು ಎತ್ತರ ಸರಿಮಾಡಿ, ಗುಂಡು ಬಿಟ್ಟು ಬಿದ್ದ ದೂರ ಅಳೆದರು. ಅರವತ್ತೆಂಟು. ಮತ್ತೆ ಬಿಟ್ಟರು, ಅರವತ್ತೆಂಟು. ನಿಜ ಹೇಳಬೇಕೆಂದರೆ, ಅವರು ಹೀಗೆ ಗುಂಡು ಬಿಟ್ಟು ನೋಡಿದ್ದು ಜನ್ಮದಲ್ಲಿ ಅದೇ ಮೊದಲು. ಕಾಲೇಜಿನಲ್ಲಿ ಹುಡುಗರು ಮುರಿದಾರೆಂದು ಸಾಮಾನೆಲ್ಲ ಕಪಾಟಿನಲ್ಲಿ ಬೀಗದೊಳಗಿರುತ್ತಿತ್ತು. ಪರೀಕ್ಷೆಯ ಪ್ರಶ್ನೆಗಳಲ್ಲೋ, ವಸ್ತು ಯಾವಾಗಲೂ ನುಣ್ಣಗಿನ ಇಳಿಜಾರಿನಲ್ಲಿ ಜಾರುತ್ತಿತ್ತು.

ನಾಲ್ಕನೆಯ ಸಲ ಬಗ್ಗಿ ನೋಡಿದಾಗ ತಲೆಗೆ ಹೊಳೆಯಿತು. ಗುಂಡು ಜಾರುತ್ತಿಲ್ಲ, ಉರುಳುತ್ತಿದೆ. ಸುತ್ತುವುದಕ್ಕೇ ಶಕ್ತಿಯ ಒಂದು ಪಾಲು ಹೋದರೆ ಮುಂದೆ ಓಡಲು ಉಳಿಯುವುದು ಕಡಿಮೆ. ಅವರಿಗೆ ನಾಚಿಕೆಯಾಯಿತು. ನೆಟ್ಟಗೆ ಮೊಮ್ಮಗಳ ಕೋಣೆಗೆ ಹೋದರು.

"ತಪ್ಪು ನಂದು, ತಂಗಿ. ಅದು ಅರವತ್ತೆಂಟಕ್ಕ ಬೀಳತೈತಿ. ನಿಮ್ಮ ಟೀಚರಿಗೆ ನಾನ ಬಂದು ಹೇಳತೀನಿ."

ತನ್ವಿ ತಲೆ ಎತ್ತಲಿಲ್ಲ. "ಐ ನ್ಯೂ, ಅಜ್ಜ, ಗೊತ್ತಿತ್ತು. ಗುರುವಾರ ಗ್ಯಾರೇಜಲ್ಲಿ ಬಿಟ್ಟು ನೋಡಿದ್ದೆ. ಎವ್ರಿ ಟೈಮ್ ಸಿಕ್ಸ್‌ಟಿ ಏಟ್. ಬಟ್ ನೀವು ಏಟಿ ಅಂದ್ರಿ."

ಸೋಮಲಿಂಗಪ್ಪನವರು ಮಂಚದ ಅಂಚಿನಲ್ಲಿ ಕುಳಿತುಬಿಟ್ಟರು. ಕಣ್ಣೆದುರು ಬಿದ್ದ ಗುಂಡನ್ನು ನಂಬದೆ ಹುಡುಗಿ ಅವರ ಮಾತನ್ನು ನಂಬಿದ್ದಳು. ವಿಜಯಪುರದ ಅವರ ವಿದ್ಯಾರ್ಥಿಗಳೂ ವರ್ಷವರ್ಷವೂ ಮಾಡಿದ್ದು ಅದನ್ನೇ. ಅಂಥವರನ್ನೇ ಅವರು ಜಾಣರೆಂದು ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದರು.