ರಿಪೇರಿಯ ಸಾಲು

ಮತ್ತೆ ಹದಿಮೂರನ್ನೇ ತಿರುಗಿಸಿದಳು ಕವಿತ.

ಮೇಜಿನ ಮೇಲೆ ಉಳಿದ ಮೂರು ಕಾರ್ಡುಗಳೂ ಐದು. ಕೆಲಸಕ್ಕೆ ಎಷ್ಟು ದಿನ ಹಿಡಿಯುತ್ತದೆಂದು ಅನ್ನಿಸುತ್ತದೋ ಆ ಅಂಕಿಯನ್ನು, ಪಕ್ಕದವರ ಮುಖ ನೋಡದೆ, ಎಲ್ಲರೂ ಒಟ್ಟಿಗೆ ತೋರಿಸಬೇಕು. ಅಂಕಿಗಳು ಹೊಂದುವವರೆಗೂ ಮತ್ತೆ ಮತ್ತೆ. ಹೊಂದುವುದೆಂದರೆ ಯಜಮಾನ ಮೋಹನ್‌ಬಾಬುವಿನ ಮನಸ್ಸಿನಲ್ಲಿರುವ ಅಂಕಿಗೆ ಹೊಂದುವುದೆಂದು ಚಿಕ್ಕಬಳ್ಳಾಪುರದ ಆ ಮಹಡಿ ಆಫೀಸಿನಲ್ಲಿ ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

"ಅಕ್ಕಾ, ಕಾರ್ಡು ಕೈಗೆ ಅಂಟ್ಕೊಂಡ್‌ಬಿಟ್ಟಿದ್ಯಾ?" ಎಂದ ಎದುರು ಕೂತ ಫಾಜಿಲ್. ಪಕ್ಕದ ನಾಹಿದ್ ನಕ್ಕು, ಕವಿತಳ ಮುಖ ನೋಡಿ ನಿಲ್ಲಿಸಿದಳು.

"ಯಾಕಮ್ಮ ಹದಿಮೂರು?" ಮೋಹನ್‌ಬಾಬು ಕೇಳಿದ.

"ಐದು ಹೊಸದಕ್ಕೆ ಸರ್. ಮಿಕ್ಕಿದ್ದು ಹಳೇದನ್ನ ರಿಪೇರಿ ಮಾಡಕ್ಕೆ."

"ರಿಪೇರಿ ಹಂಗೇ ಆಗೋಗುತ್ತಲ್ಲಮ್ಮ."

"ಹಂಗೇ ಆಗಲ್ಲ. ನಾನು ಮಾಡ್ತೀನಿ."

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯವರಿಗಾಗಿ ಕಟ್ಟುತ್ತಿದ್ದ ಆ್ಯಪ್ ಕಂತುಕಂತಾಗಿ ಹೋಗುತ್ತಿತ್ತು. ಹೊಸ ಕಂತು ಕೂಡಿಸಿದಾಗಲೆಲ್ಲ ಹಳೆಯದು ಎಲ್ಲೋ ಮುರಿಯುತ್ತಿತ್ತು. ಕಳೆದ ಸಲ ತೂಕದ ಕಂತು ಸೇರಿಸಿದಾಗ ಒಬ್ಬ ರೈತರ ಗೂಡಿನ ಲೆಕ್ಕ ಇನ್ನೊಬ್ಬರ ಹೆಸರಿಗೆ ಹೋಗಿ ಕೂತಿತ್ತು. ಅದೇ ಹೊತ್ತಿಗೆ ಆಫೀಸಿನವರೆಲ್ಲ ಕಂತು ಮುಗಿಯಿತೆಂದು ಕೇಕು ಕತ್ತರಿಸಿ ಫೋಟೊ ತೆಗೆಸಿಕೊಂಡರು. ಫೋಟೊದಲ್ಲಿ ಕವಿತ ಇಲ್ಲ. ಒಳಗೆ ಕೂತು ಅವರವರ ಗೂಡನ್ನು ಅವರವರಿಗೆ ಮರಳಿಸುತ್ತಿದ್ದಳು. ಯಾರ ಅಂದಾಜಿನಲ್ಲೂ ಆ ಕೆಲಸ ಇರಲಿಲ್ಲ.

"ಮಧ್ಯಾಹ್ನ ಶಿಡ್ಲಘಟ್ಟಕ್ಕೆ ಫೋನ್ ಮಾಡಿ ದಿನ ಹೇಳ್ಬೇಕು," ಎಂದ ಮೋಹನ್‌ಬಾಬು. "ನಿನ್ನ ಖಾಯಂ ಮಾಡೋ ವಿಷಯಾನೂ ಇವತ್ತೇ ನೋಡಣ ಅಂತಿದ್ದೆ." ಎರಡು ಮಾತಿಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿದ. "ಇನ್ನೊಂದ್ ಸಾರಿ ತೋರ್ಸಿ."

ಐದು ತೋರಿಸಿದರೆ ಎಲ್ಲರೂ ಹಗುರಾಗುತ್ತಾರೆ. ಟೀ ಬರುತ್ತದೆ. ಖಾಯಂ ಆಗುತ್ತದೆ. ಯಾವುದು ಖಾಯಂ ಆಗುತ್ತದೆ?

ತಿರುಗಿಸಿದಳು. ಹದಿಮೂರು.

"ಸರಿ ಬಿಡಮ್ಮ, ನೀನೇ ಗೆದ್ದೆ!" ಮೋಹನ್‌ಬಾಬು ದಿಢೀರನೆ ಎದ್ದು ಬೋರ್ಡಿನ ಮೇಲೆ ಬರೆದ. ಹೊಸ ಕೆಲಸ: ಫಾಜಿಲ್, ನಾಹಿದ್. ಅದರ ಕೆಳಗೆ, ರಿಪೇರಿ: ಕವಿತ. "ಲೆಕ್ಕಕ್ಕೆ ಸೇರ್ತು. ಇನ್ಮೇಲೆ ಪ್ರತಿ ಕಂತಿಗೂ ಇದೊಂದು ಸಾಲು. ಖುಷಿನಾ? ನಿನ್ ಕೈಯೂ ಅದಕ್ಕೆ ಪಳಗಿದೆ."

ಫಾಜಿಲ್ ಚಪ್ಪಾಳೆ ತಟ್ಟಿದ.

ಕೇಳಿದ್ದು ಸಿಕ್ಕಿತ್ತು. ಕವಿತ ಆ ಸಾಲನ್ನೇ ನೋಡಿದಳು. ಕೆಲಸಕ್ಕೆ ಸೇರಿದ ದಿನ ಅವಳ ಊರು ತಿಳಿದು ಇದೇ ಮನುಷ್ಯ ಕೇಳಿದ್ದ: "ಕೆಂಚಾರ್ಲಹಳ್ಳೀಲಿ ಊರೊಳಗಾ, ಆಚೆನಾ?" ಆಚೆ, ಕಾಲೋನಿ ಎಂದಿದ್ದಳು. "ಇಲ್ಲಿ ಅದೆಲ್ಲ ನೋಡಲ್ಲಮ್ಮ," ಎಂದು ನಕ್ಕಿದ್ದ.

ನೋಡಿರಲಿಲ್ಲ, ನಿಜ. ನೋಡದೆಯೇ ಬರೆದಿದ್ದ: ಬೇರೆಯವರು ಕೆಡಿಸಿದ್ದನ್ನು ಚೊಕ್ಕ ಮಾಡುವ ಕೆಲಸದ ಮುಂದೆ, ಕಾಲೋನಿಯವಳ ಹೆಸರು.

ಎದ್ದುಹೋಗಿ ತನ್ನ ಹೆಸರನ್ನು ಅಂಗೈಯಿಂದ ಒರೆಸಿದಳು.

"ಸಾಲು ಇರ್ಲಿ. ಹೆಸರು ಬೇಡ. ಸರದಿ ಹಾಕಣ ಸರ್. ಒಂದೊಂದ್ ಕಂತಿಗೆ ಒಬ್ಬೊಬ್ರು. ನೀವೂ."

"ನಂಗೆ ಆ ಹಳೇದೆಲ್ಲ ಅರ್ಥ ಆಗಲ್ಲಕ್ಕ," ಎಂದ ಫಾಜಿಲ್.

"ಹಳೇದು ಬರ್ದಿದ್ದೇ ನೀನು ಕಣೋ."

"ಕೂತ್ಕೊಳೇ ಕವಿತ," ನಾಹಿದ್ ಪಿಸುಗುಟ್ಟಿದಳು. "ಮೊದ್ಲು ಖಾಯಂ ಆಗ್ಲಿ."

ಕೂರಲಿಲ್ಲ. ಮುಚ್ಚಳ ತೆಗೆದು ಮಾರ್ಕರನ್ನು ಮೇಜಿನ ಕಡೆಗೆ ಚಾಚಿದಳು. "ಮೊದಲ್ನೇ ಹೆಸರು ನಾನು ಬರೆಯಲ್ಲ. ಯಾರಾದ್ರೂ ಬನ್ನಿ, ನಿಮ್ ಹೆಸ್ರು ನೀವೇ ಬರ್ಕೊಳಿ."

ಫಾಜಿಲ್ ಮೊಬೈಲು ತೆಗೆದ. ನಾಹಿದ್ ಕಾರ್ಡುಗಳನ್ನು ಜೋಡಿಸತೊಡಗಿದಳು. ಮೋಹನ್‌ಬಾಬುವಿನ ಫೋನು ಹೊಡೆದುಕೊಂಡಿತು. ಶಿಡ್ಲಘಟ್ಟದವರೇ. ಅವನು ಎತ್ತಲೂ ಇಲ್ಲ, ಕಟ್ ಮಾಡಲೂ ಇಲ್ಲ.

ಬೋರ್ಡಿನ ಮೇಲೆ, ಒರೆಸಿದ ಜಾಗದಲ್ಲಿ ಕಪ್ಪು ಕಲೆ. ಅವಳು ನಿಂತಲ್ಲಿಂದ ನೋಡಿದರೆ ಅದೂ ಒಂದು ಹೆಸರಿನಂತೆಯೇ ಕಾಣುತ್ತಿತ್ತು.

ಭುಜ ನೋಯತೊಡಗಿತು. ಫ್ಯಾನಿನ ಗಾಳಿಗೆ ಮಾರ್ಕರಿನ ತುದಿ ಒಣಗುತ್ತಿತ್ತು. ಕವಿತ ಕೈ ಇಳಿಸಲಿಲ್ಲ.