ಮೀಸೆ ತುಂಬಾ ಒಲ್ಲೆ

ಹರವೆಯಿಂದ ಬಂದ ವರ ದಿಲೀಪನ ಫೋಟೊ ನೋಡುತ್ತಲೇ ನಯನಾ ಮೂಗು ಮುರಿದಳು. ಬಾಯಿಬಿಟ್ಟು ಹೇಳಿದರೆ ಅಪ್ಪ ಸುಮ್ಮನಿರುತ್ತಾನೆಯೇ? ಗುಂಡ್ಲುಪೇಟೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಕೂತು, ಫೋಟೊದ ಕಣ್ಣು, ಮೂಗು, ಮೀಸೆಯನ್ನೆಲ್ಲ ಇಂಗ್ಲಿಷ್ ಅಕ್ಷರದ ‘ಒಲ್ಲೆ, ಒಲ್ಲೆ’ಗಳಿಂದಲೇ ತುಂಬಿ, ಪ್ರಿಂಟ್ ತೆಗೆದು ಅವರ ಮನೆಗೇ ಕಳಿಸಿದಳು. ದೂರದಿಂದ ನೋಡಿದರೆ ದಿಲೀಪ. ಹತ್ತಿರ ಹೋದರೆ ಮಂಗಳಾರತಿ!

ವಾರ ಕಳೆಯುವುದರೊಳಗೆ ದಿಲೀಪನ ಅಪ್ಪ ನೀಲಕಂಠಸ್ವಾಮಿ ಹೂವು ಹಣ್ಣು ಹಿಡಿದು, ಮಗನನ್ನೂ ಕರೆದುಕೊಂಡು ಹಾಜರ್.

“ನಮ್ಮುಡ್ಗನ ನೆತ್ತಿಯಿಂದ ಗದ್ದದ ಗಂಟ ‘ಒಳ್ಳೆ, ಒಳ್ಳೆ’ ಅಂತ ಬರ್ದವ್ಳೆ ನಿಮ್ಮುಡ್ಗಿ! ಇನ್ನೇನ್ ಕೇಳದು ಬುಡಿ!”

ಇಂಗ್ಲಿಷಿಗೆ ಲ ಆದರೇನು, ಳ ಆದರೇನು? ನಯನಾ ಹಣೆ ಚಚ್ಚಿಕೊಂಡಳು.

ಅವಳು ಕೊಟ್ಟ ಕಾಫಿ ಲೋಟ ತಗೊಳ್ಳುತ್ತಾ ದಿಲೀಪ ಪಿಸುಗುಟ್ಟಿದ: “ನಾನು ಸರಿಯಾಗೇ ಓದ್ದೆ ಕಣ್ರೀ. ನಿಮ್ಮ ಫೋಟೊನೂ ಹಂಗೇ ಮಾಡನ ಅಂತಿದ್ದೆ. ನಮ್ಮ ಹರವೇಲಿ ಕಂಪ್ಯೂಟ್ರಿಲ್ಲ.”